ಅರ್ಧ ಅಂಕದ ಜಗಳ

ಕ್ರೀಡಾ ಪುಟದ ಒಂದು ಮೂಲೆಯಲ್ಲಿ ಚೆಸ್ ಸುದ್ದಿ ಬಂದಿರುತ್ತದೆ. ಇಬ್ಬರು ಘಟಾನುಘಟಿಗಳ ಹೆಸರು, ಪಕ್ಕದಲ್ಲಿ ‘ಡ್ರಾ’ ಎಂಬ ಒಂದಕ್ಷರದ ಫಲಿತಾಂಶ. ಅಷ್ಟು ಕಂಡೊಡನೆ ಓದುಗರ ಕಣ್ಣು ಕ್ರಿಕೆಟ್ಟಿನ ಕಡೆಗೆ ಜಾರುತ್ತದೆ. ಗೆದ್ದವರಿಲ್ಲ, ಸೋತವರಿಲ್ಲ ಎಂದ ಮೇಲೆ ಅಲ್ಲಿ ನಡೆದದ್ದಾದರೂ ಏನು? ಇಬ್ಬರೂ ಕೈಕುಲುಕಿ ಕಾಫಿಗೆ ಹೋಗಿರಬೇಕು ಎಂಬುದೇ ಸಾಮಾನ್ಯ ಅಂದಾಜು. ಎಷ್ಟೋ ಸಲ ಆ ಅಂದಾಜು ಸರಿಯೂ ಹೌದು. ಆದರೆ 1962ರಲ್ಲಿ ಬಲ್ಗೇರಿಯಾದ ಕಪ್ಪು ಸಮುದ್ರದ ದಂಡೆಯಲ್ಲಿರುವ ವಾರ್ನಾ ಎಂಬ ಊರಿನಲ್ಲಿ ಡ್ರಾ ಆದ ಒಂದು ಆಟವಿದೆ. ಆಟ ಮುಗಿದದ್ದು 68 ನಡೆಗಳಲ್ಲಿ. ಅದರ ಮೇಲಿನ ಜಗಳ ಮುಗಿಯಲು ಹದಿನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಸಭಿಕರೇ, ಇಂದಿನ ಮಾತು ಆ ಒಂದು ಆಟದ ಬಗ್ಗೆ.

ಚದುರಂಗದಲ್ಲಿ ಗೆದ್ದರೆ ಒಂದು ಅಂಕ, ಸೋತರೆ ಸೊನ್ನೆ, ಡ್ರಾ ಆದರೆ ಇಬ್ಬರಿಗೂ ತಲಾ ಅರ್ಧ. ಡ್ರಾ ಆಗುವುದಕ್ಕೆ ಹಲವು ದಾರಿಗಳಿವೆ. ರಾಜನಿಗೆ ಶಹ ಇಲ್ಲ, ಆದರೆ ಆಡಲು ನಡೆಯೂ ಇಲ್ಲ ಎಂಬ ಸ್ಥಿತಿ ಬಂದರೆ ಡ್ರಾ. ಅದೇ ಸ್ಥಿತಿ ಮೂರು ಸಲ ಬಂದರೆ, ಐವತ್ತು ನಡೆಗಳಲ್ಲಿ ಒಂದು ಕಾಯಿಯೂ ಬೀಳದೆ ಒಬ್ಬ ಕಾಲಾಳೂ ಮುಂದೆ ಹೋಗದಿದ್ದರೆ, ಮಾತ್ ಮಾಡುವಷ್ಟು ಬಲ ಯಾರಲ್ಲೂ ಉಳಿಯದಿದ್ದರೆ, ಆಗಲೂ ಡ್ರಾ. ಇವೆಲ್ಲ ಹಲಗೆಯ ಮೇಲೆ ತಾನಾಗಿ ಹುಟ್ಟುವ ಡ್ರಾಗಳು. ಇನ್ನೊಂದು ಬಗೆಯಿದೆ. ಅದು ಇಬ್ಬರೂ ಮಾತಾಡಿಕೊಂಡು ಮಾಡಿಕೊಳ್ಳುವ ಡ್ರಾ. ತಕರಾರುಗಳೆಲ್ಲ ಹುಟ್ಟುವುದು ಇಲ್ಲಿಯೇ.

ಅದೇ 1962ರ ಬೇಸಿಗೆಯಲ್ಲಿ ಕೆರಿಬಿಯನ್ ಸಮುದ್ರದ ಕ್ಯುರಸಾವೊ ದ್ವೀಪದಲ್ಲಿ ಎಂಟು ಮಂದಿಯ ಒಂದು ಟೂರ್ನಿ ನಡೆದಿತ್ತು. ಅಲ್ಲಿ ಗೆದ್ದವನಿಗೆ ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವ ಹಕ್ಕು. ಸೋವಿಯತ್ ಒಕ್ಕೂಟದ ಟೈಗ್ರನ್ ಪೆಟ್ರೋಸಿಯನ್, ಪಾಲ್ ಕೆರೆಸ್ ಮತ್ತು ಯೆಫಿಮ್ ಗೆಲ್ಲರ್ ಎಂಬ ಮೂವರು ತಮ್ಮತಮ್ಮೊಳಗೆ ಅಲ್ಲಿ 12 ಆಟ ಆಡಿದರು. ಹನ್ನೆರಡೂ ಡ್ರಾ! ತಮ್ಮೊಳಗೆ ದಣಿಯದೆ, ಉಳಿದವರ ಮೇಲೆ ಬಲ ಹಾಕುವುದು ಅದರ ಲಾಭ. ಪೆಟ್ರೋಸಿಯನ್ ಗೆದ್ದರು, ಇನ್ನಿಬ್ಬರು ಅರ್ಧ ಅಂಕದಷ್ಟೇ ಹಿಂದೆ. ನಾಲ್ಕನೆಯ ಸ್ಥಾನಕ್ಕೆ ಬಿದ್ದವನು ಅಮೆರಿಕದ ಬಾಬಿ ಫಿಷರ್, 19 ವರ್ಷದ ಹುಡುಗ. ಆತ ಸುಮ್ಮನಿರಲಿಲ್ಲ. ಆಗಸ್ಟ್ ತಿಂಗಳಲ್ಲಿ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ವಾರಪತ್ರಿಕೆಯಲ್ಲಿ, ರಷ್ಯನ್ನರು ವಿಶ್ವ ಚೆಸ್ಸನ್ನೇ ಮೊದಲೇ ಗೊತ್ತುಮಾಡಿಕೊಂಡು ಆಡುತ್ತಿದ್ದಾರೆ ಎಂದು ನೇರವಾಗಿ ಬರೆದ. ಹುಡುಗನ ಬಾಯಿ ಜೋರು ಎಂದವರಿದ್ದರು. ಆದರೆ ಆ ದೂರಿನಲ್ಲಿ ಹುರುಳಿತ್ತು. ಮುಂದೆ ವಿಶ್ವ ಚೆಸ್ ಸಂಸ್ಥೆ ಆ ಟೂರ್ನಿಯ ಪದ್ಧತಿಯನ್ನೇ ಕೈಬಿಟ್ಟು, ಸವಾಲುಗಾರನನ್ನು ಆರಿಸಲು ಇಬ್ಬಿಬ್ಬರ ನಡುವಿನ ನೇರ ಪಂದ್ಯಗಳನ್ನು ತಂದಿತು.

ಹೀಗೆ ಡ್ರಾ ಎಂದರೆ ಉರಿದುಬೀಳುತ್ತಿದ್ದ ಹುಡುಗ, ಪತ್ರಿಕೆಯ ಶಾಯಿ ಆರುವ ಮೊದಲೇ, ಸೆಪ್ಟೆಂಬರ್‌ನಲ್ಲಿ ಆರಂಭವಾದ ಚೆಸ್ ಒಲಿಂಪಿಯಾಡಿಗೆಂದು ವಾರ್ನಾಗೆ ಬಂದ. ಅಮೆರಿಕ ತಂಡದ ಮೊದಲ ಹಲಗೆ ಆತನದು. ಸೋವಿಯತ್ ತಂಡದ ಮೊದಲ ಹಲಗೆಯಲ್ಲಿ ಕೂತಿದ್ದವರು ಸ್ವತಃ ವಿಶ್ವ ಚಾಂಪಿಯನ್, ಮಿಖಾಯಿಲ್ ಬೊಟ್ವಿನಿಕ್. ಇಬ್ಬರೂ ಹಿಂದೆ ಒಮ್ಮೆಯೂ ಎದುರಾಗಿರಲಿಲ್ಲ.

ಬೊಟ್ವಿನಿಕ್‌ಗೆ ಆಗ 51. ವೃತ್ತಿಯಿಂದ ವಿದ್ಯುತ್ ಇಂಜಿನಿಯರು. ಆ ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. 1948ರಲ್ಲಿ ವಿಶ್ವ ಪಟ್ಟಕ್ಕೇರಿದ ಅವರು 1957ರಲ್ಲಿ ಸ್ಮಿಸ್ಲೋವ್‌ಗೆ ಸೋತು ಮರುವರ್ಷವೇ ಅದನ್ನು ಕಿತ್ತುಕೊಂಡರು. 1960ರಲ್ಲಿ ತಾಲ್‌ಗೆ ಸೋತು 1961ರಲ್ಲಿ ಮತ್ತೆ ಪಡೆದರು. ಸೋತ ಮೇಲೆ ಕೂತು ಅಭ್ಯಾಸ ಮಾಡಿ, ಎದುರಾಳಿಯ ಆಟವನ್ನು ಇಂಜಿನಿಯರಿನ ಹಾಗೆ ಬಿಚ್ಚಿ ನೋಡಿ, ತಿರುಗಿ ಹೊಡೆಯುವುದು ಅವರ ಸ್ವಭಾವ. ತಂಬಾಕಿನ ಹೊಗೆ ಸಹಿಸುವುದು ರೂಢಿಯಾಗಲೆಂದು, ಗೆಳೆಯ ರಾಗೋಜಿನ್‌ರಿಂದ ಮುಖಕ್ಕೆ ಸಿಗರೇಟಿನ ಹೊಗೆ ಬಿಡಿಸಿಕೊಂಡು ಅಭ್ಯಾಸದ ಆಟಗಳನ್ನು ಆಡುತ್ತಿದ್ದರು ಎಂಬ ಕತೆ ಚೆಸ್ ವಲಯದಲ್ಲಿ ಪ್ರಸಿದ್ಧ. ಸಿದ್ಧತೆ ಎಂದರೆ ಅಷ್ಟು ನಿಷ್ಠೆ.

ಫಿಷರ್ ಇದಕ್ಕೆ ಪೂರ್ತಿ ವಿರುದ್ಧ. 14ನೇ ವಯಸ್ಸಿಗೆ ಅಮೆರಿಕದ ಚಾಂಪಿಯನ್, 15ಕ್ಕೆ ಗ್ರ್ಯಾಂಡ್‌ಮಾಸ್ಟರ್, 16ಕ್ಕೆ ಶಾಲೆಗೆ ಶರಣು. ಒಂಟಿ ಪ್ರಾಣಿ. ಬೆನ್ನ ಹಿಂದೆ ಸರ್ಕಾರವಿಲ್ಲ, ತರಬೇತುದಾರರ ದಂಡಿಲ್ಲ. ಓದಿದ್ದು, ಕಲಿತದ್ದು, ಜಗಳವಾಡಿದ್ದು ಎಲ್ಲ ಸ್ವಂತ.

ಬಿಳಿ ಕಾಯಿ ಬೊಟ್ವಿನಿಕ್‌ರದು, ಕಪ್ಪು ಫಿಷರ್‌ನದು. ಫಿಷರ್ ಆರಿಸಿಕೊಂಡದ್ದು ಗ್ರುನ್‌ಫೆಲ್ಡ್ ರಕ್ಷಣೆ, ಅದರಲ್ಲೂ ಸ್ಮಿಸ್ಲೋವ್ ಹೆಸರಿನ ಕವಲು. ಹುಡುಗ ಅರಿಯದೆ ಸಿಂಹದ ಗುಹೆಗೇ ನಡೆದಿದ್ದ. ಏಕೆಂದರೆ ಹಿಂದೆ ಸ್ಮಿಸ್ಲೋವ್ ಎದುರಿನ ವಿಶ್ವ ಪಂದ್ಯಗಳಿಗೆಂದು ಬೊಟ್ವಿನಿಕ್ ಇದೇ ಕವಲನ್ನು ಮನೆಯಲ್ಲಿ ಕೂತು ಅರೆದು ಕುಡಿದಿದ್ದರು. ಆಗ ಬಳಸಲು ಸಂದರ್ಭ ಬಂದಿರಲಿಲ್ಲ. ಈಗ ಬಂತು. ಹದಿನಾರು ನಡೆಗಳವರೆಗೆ ಆಟ ಅವರ ಟಿಪ್ಪಣಿ ಪುಸ್ತಕದ ಪ್ರಕಾರವೇ ಹೋಯಿತು. ಹದಿನೇಳನೆಯದರಲ್ಲಿ ಅವರು ತಮ್ಮ ಕಾಲಾಳನ್ನು ಇ5 ಮನೆಗೆ ತಳ್ಳಿ ಎದುರಿನ ರಾಣಿಯ ಮೇಲೆ ಬಿಟ್ಟರು. ಕಪ್ಪು ರಾಣಿ ಓಡಬೇಕು. ಎತ್ತ ಓಡಿದರೂ ಕಷ್ಟ ಎಂಬುದು ಮನೆಯಲ್ಲಿ ಕಟ್ಟಿದ ಲೆಕ್ಕ.

ಫಿಷರ್‌ನ ರಾಣಿ ಓಡಲಿಲ್ಲ. ನೇರ ಮುಂದೆ ನುಗ್ಗಿ ಎಫ್4 ಮನೆಯಲ್ಲಿದ್ದ ಬಿಳಿಯ ಕಾಲಾಳನ್ನೇ ಹೊಡೆಯಿತು!

ಚದುರಂಗ ಬಲ್ಲವರು ಒಮ್ಮೆ ಕಣ್ಣುಮುಚ್ಚಿ ಇದನ್ನು ಊಹಿಸಿಕೊಳ್ಳಬಹುದು. ಆ ಕಾಲಾಳಿಗೆ ಬಿಳಿಯ ಒಂಟೆಯ ಕಾವಲಿತ್ತು. ರಾಣಿ, ಅಂದರೆ ಹಳಬರು ಮಂತ್ರಿ ಎನ್ನುವ ಕಾಯಿ, ಸೀದಾ ಒಂಟೆಯ ಬಾಯಿಗೆ ಹೋದಂತೆ. ಆದರೆ ಅದೇ ಗಳಿಗೆಯಲ್ಲಿ ಬಿಳಿಯ ರಾಣಿಯೂ ಕಪ್ಪು ಕುದುರೆಯ ಹೊಡೆತದಲ್ಲಿ ನಿಂತಿತ್ತು. ಒಂಟೆ ಇದನ್ನು ತಿಂದರೆ ಕುದುರೆ ಅದನ್ನು ತಿನ್ನುತ್ತದೆ. ರಾಣಿಗೆ ರಾಣಿ ಸಮ, ನಡುವೆ ಕಪ್ಪಿಗೆ ಒಬ್ಬ ಕಾಲಾಳು ಲಾಭ, ಮೇಲೆ ಒಳ್ಳೆಯ ಸ್ಥಿತಿ. ನೋಡಿದ ಮೇಲೆ ಮಕ್ಕಳಿಗೂ ತಿಳಿಯುವಷ್ಟು ಸರಳ. ಜಗತ್ತಿನಲ್ಲೇ ಅತ್ಯಂತ ಶಿಸ್ತಿನ ಅಭ್ಯಾಸಿ ಎನಿಸಿಕೊಂಡವರು ಮನೆಯಲ್ಲಿ ಕೂತು ನೋಡದೆ ಬಿಟ್ಟದ್ದು ಇದೊಂದನ್ನೇ. ಈ ನಡೆ ತಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲವೆಂದು ಬೊಟ್ವಿನಿಕ್ ಆಮೇಲೆ ಬರಹದಲ್ಲಿ ಒಪ್ಪಿಕೊಂಡಿದ್ದಾರೆ.

ಅಲ್ಲಿಂದ ಮುಂದೆ ವಿಶ್ವ ಚಾಂಪಿಯನ್‌ಗೆ ಉಳಿದದ್ದು ಹಲ್ಲುಕಚ್ಚಿ ಹಿಡಿಯುವ ಕೆಲಸ. ಹುಡುಗ ಒಬ್ಬ ಕಾಲಾಳು ಮುಂದೆ. ಕಾಯಿಗಳು ಒಂದೊಂದಾಗಿ ಹಲಗೆಯಿಂದ ಇಳಿದವು. 42ನೇ ನಡೆಯಲ್ಲಿ ಕೊನೆಯ ಕುದುರೆ, ಕೊನೆಯ ಒಂಟೆ ಎರಡೂ ಹೋದವು. ಇಬ್ಬರ ಬಳಿಯೂ ಉಳಿದದ್ದು ಒಂದೊಂದು ಆನೆ, ಕೆಲವು ಕಾಲಾಳುಗಳು. ಆನೆಗಳಷ್ಟೇ ಉಳಿದ ಅಂತ್ಯಗಳೆಲ್ಲ ಡ್ರಾ ಎಂದು ಚೆಸ್ ಮಂದಿ ಅರ್ಧ ತಮಾಷೆಗೆ ಹೇಳುವುದುಂಟು. ಕಾರಣವಿದೆ. ಆನೆ ದೂರದಿಂದಲೇ ಶಹ ಕೊಡಬಲ್ಲದು, ಹಿಂದಿನಿಂದಲೂ ಕಾಲಾಳನ್ನು ಕಾಡಬಲ್ಲದು. ಒಬ್ಬ ಕಾಲಾಳು ಕಡಿಮೆಯಿದ್ದರೂ ಜೀವ ಹಿಡಿಯಲು ಅದರಲ್ಲಿ ಎಡೆಯುಂಟು. ಆದರೂ ಇಲ್ಲಿ ಫಿಷರ್ ಗೆಲ್ಲುತ್ತಾನೆಂದೇ ಬಹುಪಾಲು ಮಂದಿಯ ನಂಬಿಕೆ. ಬಿಳಿಗೆ ಮೂವರು ಕಾಲಾಳು, ಕಪ್ಪಿಗೆ ನಾಲ್ವರು.

45ನೇ ನಡೆಯಲ್ಲಿ ಆಟವನ್ನು ಮುಂದೂಡಲಾಯಿತು. ಈ ಕಾಲದ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗೆಲ್ಲ ಗೊತ್ತಾದ ಗಂಟೆಗಳಲ್ಲಿ ಆಟ ಮುಗಿಯದಿದ್ದರೆ, ಯಾರ ಸರದಿಯೋ ಆತ ತನ್ನ ಮುಂದಿನ ನಡೆಯನ್ನು ಎದುರಾಳಿಗೆ ತೋರಿಸದೆ ಚೀಟಿಯಲ್ಲಿ ಬರೆದು ಲಕೋಟೆಯಲ್ಲಿಟ್ಟು ಅಂಟಿಸಿ ತೀರ್ಪುಗಾರರಿಗೆ ಕೊಡುತ್ತಿದ್ದ. ಮರುದಿನ ಲಕೋಟೆ ಒಡೆದು ಆಟ ಮುಂದುವರಿಸುವುದು. ನಡುವಿನ ರಾತ್ರಿ? ಅದು ಯಾರಪ್ಪನ ಸೊತ್ತೂ ಅಲ್ಲ. ಮಲಗಬಹುದು, ಪುಸ್ತಕ ತಿರುವಬಹುದು, ಹತ್ತು ಮಂದಿಯನ್ನು ಕೂಡಿಸಿಕೊಂಡು ಹಲಗೆಯ ಮುಂದೆ ಬೆಳಗು ಮಾಡಬಹುದು. ನಿಯಮ ಅದಕ್ಕೆ ಅಡ್ಡ ಬರುತ್ತಿರಲಿಲ್ಲ.

ಲಕೋಟೆಯಲ್ಲಿ ತನ್ನ ಆನೆಯ ನಡೆ ಬರೆದಿಟ್ಟು ಫಿಷರ್ ಎದ್ದುಹೋದ. ಬೊಟ್ವಿನಿಕ್ ಎದ್ದುಹೋದದ್ದು ತಮ್ಮ ತಂಡದ ಕಡೆಗೆ. ಆ ತಂಡವೆಂದರೆ ಪೆಟ್ರೋಸಿಯನ್, ಸ್ಪಾಸ್ಕಿ, ಕೆರೆಸ್, ಗೆಲ್ಲರ್, ತಾಲ್. ಈಗಾಗಲೇ ವಿಶ್ವ ಚಾಂಪಿಯನ್ ಆಗಿದ್ದವರೊಬ್ಬರು, ಮುಂದೆ ಆಗಲಿದ್ದವರಿಬ್ಬರು! ಮಾಮೂಲಿ ರಕ್ಷಣೆಗಳನ್ನೆಲ್ಲ ತಿರುವಿಹಾಕಿದರು, ಒಂದೂ ನಿಲ್ಲುವಂತೆ ಕಾಣಲಿಲ್ಲ. ಆಗ ದಾರಿ ತೋರಿದವರು ಗೆಲ್ಲರ್. ಅಪಾಯದಲ್ಲಿರುವ ನಮ್ಮ ಎ ಸಾಲಿನ ಕಾಲಾಳನ್ನು ಕಾಪಾಡುವ ಗೋಜೇ ಬೇಡ, ಅದು ಹೋದರೆ ಹೋಗಲಿ. ಆನೆಯನ್ನು ನೇರ ಎದುರಾಳಿಯ ಮನೆಯೊಳಗೆ, ಏಳನೆಯ ಸಾಲಿಗೆ ನುಗ್ಗಿಸಿ ಅಲ್ಲಿರುವ ಎಚ್ ಸಾಲಿನ ಕಾಲಾಳನ್ನು ಹೊಡೆಯೋಣ ಎಂಬುದು ಅವರ ಯೋಚನೆ. ಹೀಗಾದರೆ ಎಡಗಡೆ ಕಪ್ಪಿನ ಇಬ್ಬರು ಕಾಲಾಳುಗಳು ಜೋಡಿಯಾಗಿ ಓಡತೊಡಗುತ್ತಾರೆ, ಯಾರೂ ತಡೆಯುವವರಿಲ್ಲ. ನೋಡಿದರೆ ಭಯವಾಗುತ್ತದೆ. ಆದರೆ ಬಲಗಡೆ ಕಪ್ಪಿಗೆ ಉಳಿಯುವುದು ಒಬ್ಬನೇ ದುರ್ಬಲ ಕಾಲಾಳು; ಅವನನ್ನು ಕೆಡವಿದರೆ ಬಿಳಿಯವರೂ ಓಡಬಹುದು. ಸೋಲನ್ನು ಕಾಯುತ್ತ ಕೂರುವುದರ ಬದಲು ಓಟದ ಪಂದ್ಯ ಕಟ್ಟುವುದು.

ಇದೇ ಗೆಲ್ಲರ್, ಕ್ಯುರಸಾವೊದಲ್ಲಿ ಪರಸ್ಪರ ಡ್ರಾ ಮಾಡಿಕೊಂಡ ಮೂವರಲ್ಲಿ ಒಬ್ಬರೆಂಬುದನ್ನು ಮರೆಯುವಂತಿಲ್ಲ. ಫಿಷರ್‌ನ ದೂರಿನ ತಿರುಳೂ ಅದೇ ಆಗಿತ್ತು: ಹಲಗೆಯ ಆಚೆ ಕೂತವನು ಒಬ್ಬನಲ್ಲ, ಒಂದು ದೇಶ. ಕ್ಯುರಸಾವೊದಲ್ಲಿ ನಡೆದದ್ದು ಆಟದ ಧರ್ಮಕ್ಕೆ ದ್ರೋಹ ಎನ್ನಲು ಅಡ್ಡಿಯಿಲ್ಲ. ಆದರೆ ವಾರ್ನಾದ ರಾತ್ರಿಯನ್ನು ಅದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮುಂದೂಡಿದ ಆಟಕ್ಕೆ ನೆರವು ಪಡೆಯುವುದು ಎಲ್ಲರೂ ಮಾಡುತ್ತಿದ್ದ ಕೆಲಸ. ಅಮೆರಿಕದ ತಂಡದಲ್ಲೂ ಪಾಲ್ ಬೆಂಕೊ, ಲ್ಯಾರಿ ಇವಾನ್ಸ್‌ರಂಥ ಗ್ರ್ಯಾಂಡ್‌ಮಾಸ್ಟರುಗಳಿದ್ದರು. ಒಂದು ಕಡೆ ಹೆಚ್ಚು ತಲೆಗಳು ಕೂಡಿದವು, ಅವುಗಳಲ್ಲಿ ಒಂದಕ್ಕೆ ಒಳ್ಳೆಯದು ಹೊಳೆಯಿತು. ಬೊಟ್ವಿನಿಕ್ ಆ ಶ್ರೇಯವನ್ನು ಬಚ್ಚಿಡಲಿಲ್ಲ. ಯೋಚನೆ ಗೆಲ್ಲರ್‌ನದು ಎಂದು ಮುಂದೆ ಅಚ್ಚಿನಲ್ಲೇ ಹೇಳಿದರು. ನ್ಯಾಯವಾಗಿ ಹಂಚುವುದಾದರೆ ಆ ಅರ್ಧ ಅಂಕದಲ್ಲಿ ಅರ್ಧ ಗೆಲ್ಲರ್‌ಗೇ ಸೇರಬೇಕು.

ಲಕೋಟೆ ಒಡೆಯಿತು. ಬೊಟ್ವಿನಿಕ್ ಆನೆಯನ್ನು ಎಫ್7ಕ್ಕೆ ನುಗ್ಗಿಸಿದರು. ಫಿಷರ್ ಎ ಸಾಲಿನ ಕಾಲಾಳನ್ನು ಹೊಡೆದ, ಅವರು ಎಚ್ ಸಾಲಿನದನ್ನು ಹೊಡೆದರು. ಓಟ ಶುರುವಾಯಿತು. ಇಷ್ಟಾದರೂ ಆಟ ಮುಗಿದಿರಲಿಲ್ಲ, ಫಿಷರ್‌ನ ಕೈಯೇ ಇನ್ನೂ ಮೇಲಿತ್ತು. ತಪ್ಪು ಬಂದದ್ದು 51ನೇ ನಡೆಯಲ್ಲಿ. ಫಿಷರ್‌ನ ರಾಜ ಇ5ರಲ್ಲಿ ನಿಂತಿದ್ದಾನೆ. ಅವಸರ ತಡೆಯಲಾರದೆ ಆತ ತನ್ನ ಓಟದ ಕಾಲಾಳನ್ನು ಬಿ5ಕ್ಕೆ ತಳ್ಳಿದ. ಈಗ ರಾಜ, ಕಾಲಾಳು ಇಬ್ಬರೂ ಒಂದೇ ಅಡ್ಡಸಾಲಿನಲ್ಲಿ.

ಬೊಟ್ವಿನಿಕ್ ಅದಕ್ಕಾಗಿಯೇ ಕಾದಿದ್ದವರಂತೆ ತಮ್ಮ ಎಚ್ ಸಾಲಿನ ಕಾಲಾಳನ್ನು ಎಚ್5ಕ್ಕೆ ತಂದು ತಿನ್ನಲು ಒಡ್ಡಿದರು. ಫಿಷರ್ ಒಂದು ಶಹ ಕೊಟ್ಟು ರಾಜನನ್ನು ಸರಿಸಿ, ಅದನ್ನು ತಿಂದ. ಅದರೊಡನೆ ಜಿ ಸಾಲು ಖಾಲಿಯಾಯಿತು. ಬಿಳಿಯ ಆನೆ ಜಿ5ಕ್ಕೆ ಹಾರಿ ಶಹ! ರಾಜ ಪಕ್ಕಕ್ಕೆ ಸರಿಯಲೇಬೇಕು. ಸರಿದೊಡನೆ ಅವನ ಬೆನ್ನ ಹಿಂದೆ ಅದೇ ಸಾಲಿನಲ್ಲಿದ್ದ ಬಿ5ರ ಕಾಲಾಳು ಆನೆಯ ಪಾಲು. ಜೋಡಿ ಓಟಗಾರರಲ್ಲಿ ಒಬ್ಬ ಬಿದ್ದ. ಉಳಿದ ಇಬ್ಬರು ಕಾಲಾಳುಗಳು ಹಲಗೆಯ ಎರಡು ಅಂಚುಗಳಲ್ಲಿ, ಒಬ್ಬರಿಗೊಬ್ಬರು ಆಗದಷ್ಟು ದೂರ. ಅಂಥ ಅಂಚಿನ ಕಾಲಾಳುಗಳನ್ನು ಮುಟ್ಟಿಸುವುದು ಆನೆಗಳ ಆಟದಲ್ಲಿ ಬಲು ಕಷ್ಟ.

ಈ ಹಂತದಲ್ಲಿ ನಡೆದ ಒಂದು ಪ್ರಸಂಗವನ್ನು ಬೊಟ್ವಿನಿಕ್ ತಾವೇ ಬರೆದುಕೊಂಡಿದ್ದಾರೆ. ಆಟದ ನಡುವೆ ಎದ್ದು ಓಡಾಡುವಾಗ, ನಿಯಮ ಮೀರಿ, ತಮ್ಮ ತಂಡದ ನಾಯಕನ ಕಿವಿಗೆ ‘ಡ್ರಾ’ ಎಂದು ಹೇಳಿಬಿಟ್ಟರಂತೆ. ಐವತ್ತು ದಾಟಿದ ಗಂಭೀರ ಮನುಷ್ಯನಿಗೂ ತಡೆಯಲಾಗದಷ್ಟು ಸಮಾಧಾನ! ಅದನ್ನು ಕಂಡ ಫಿಷರ್ ತೀರ್ಪುಗಾರರ ಬಳಿ ಹೋಗಿ, ಇವರಿಗೆ ಬೇರೆಯವರು ಹೇಳಿಕೊಡುತ್ತಿದ್ದಾರೆ ಎಂದು ದೂರಿದ. ಹೇಳಿಕೊಡುವುದಕ್ಕೆ ಆಗ ಏನೂ ಉಳಿದಿರಲಿಲ್ಲ. ಆದರೂ ಫಿಷರ್‌ನನ್ನು ಪೂರ್ತಿ ತಪ್ಪೆನ್ನಲು ಮನಸ್ಸು ಬಾರದು. ಆಟಗಾರ ಆಟದ ನಡುವೆ ಸ್ಥಿತಿಯ ಬಗ್ಗೆ ತುಟಿ ಬಿಚ್ಚಬಾರದು ಎಂಬುದು ನಿಯಮ. ಅದನ್ನು ಮೀರಿದವರು ಚಾಂಪಿಯನ್, ನೆನಪಿಸಿದವನು ಹುಡುಗ.

68ನೇ ನಡೆಗೆ ಇಬ್ಬರೂ ಡ್ರಾ ಒಪ್ಪಿಕೊಂಡರು. ಆಗಲೂ ಫಿಷರ್‌ನ ಬಳಿ ಒಬ್ಬ ಕಾಲಾಳು ಹೆಚ್ಚಿದ್ದ. ಬಿಳಿಚಿದ ಮುಖದಲ್ಲಿ ಕೈಕುಲುಕಿ, ಕಣ್ಣಲ್ಲಿ ನೀರು ತುಂಬಿಕೊಂಡು ಆತ ಸಭಾಂಗಣದಿಂದ ಹೊರಟುಹೋದನೆಂದು ಬೊಟ್ವಿನಿಕ್ ನೆನಪಿಸಿಕೊಂಡಿದ್ದಾರೆ. ಒಲಿಂಪಿಯಾಡಿನ ಚಿನ್ನ ಸೋವಿಯತ್ ತಂಡಕ್ಕೆ ಹೋಯಿತು.

ಕತೆ ಇಲ್ಲಿಗೆ ನಿಂತಿದ್ದರೆ ಇದೊಂದು ಕೈತಪ್ಪಿದ ಗೆಲುವು, ಅಷ್ಟೆ. ಆದರೆ ಬೊಟ್ವಿನಿಕ್ ಆಟದ ಮೇಲೆ ಟಿಪ್ಪಣಿ ಬರೆದು ಒಂದು ವಾದ ಮುಂದಿಟ್ಟರು. ಫಿಷರ್ 51ನೇ ನಡೆಯಲ್ಲಿ ಎಡವದೆ, ರಾಜನನ್ನು ಡಿ4ಕ್ಕೆ ತಂದಿದ್ದರೂ ಆಟ ಡ್ರಾ ಆಗುತ್ತಿತ್ತು ಎಂದರು. ಅಂದರೆ ಹುಡುಗನ ತಪ್ಪಿನಿಂದ ತಾವು ಬದುಕಲಿಲ್ಲ. ಗೆಲ್ಲರ್ ಕಂಡ ದಾರಿಯೇ ಬದುಕಿಸಿತು. ಮೇಲ್ನೋಟಕ್ಕೆ ಸಣ್ಣ ವ್ಯತ್ಯಾಸ. ಚದುರಂಗದಲ್ಲಿ ಇದು ಸಣ್ಣದಲ್ಲ. ಎದುರಾಳಿಯ ಕೃಪೆಯಿಂದ ಸಿಕ್ಕಿದ ಅರ್ಧ ಅಂಕ ಒಂದು, ಹಲಗೆಯೇ ಕೊಟ್ಟ ಅರ್ಧ ಅಂಕ ಇನ್ನೊಂದು.

ಫಿಷರ್ ಉತ್ತರ ಕೊಡಲು ಏಳು ವರ್ಷ ತೆಗೆದುಕೊಂಡ. 1969ರಲ್ಲಿ ಬಂದ ‘ಮೈ 60 ಮೆಮರಬಲ್ ಗೇಮ್ಸ್’ ಎಂಬ ಆತನ ಪುಸ್ತಕ ಇವತ್ತಿಗೂ ಚೆಸ್ ಸಾಹಿತ್ಯದ ಮೇರುಗಳಲ್ಲಿ ಒಂದು. ಸಾಮಾನ್ಯವಾಗಿ ಇಂಥ ಪುಸ್ತಕಗಳಲ್ಲಿ ಗೆಲುವಿನದೇ ಮೆರವಣಿಗೆ. ಫಿಷರ್ ಹಾಗೆ ಮಾಡಲಿಲ್ಲ. ಅರವತ್ತರಲ್ಲಿ ಮೂರು ಸೋಲು, ಒಂಬತ್ತು ಡ್ರಾ. ಡ್ರಾ ಕಂಡರಾಗದ ಮನುಷ್ಯ, ಅಳಿಸಲಾಗದೆ ಉಳಿಸಿಕೊಂಡ ಒಂಬತ್ತು ಡ್ರಾ! ಅವುಗಳಲ್ಲಿ 39ನೆಯದು ವಾರ್ನಾದ ಆಟ. ಮುಖಾಮುಖಿ ಎಂಬರ್ಥದ ತಲೆಬರಹ ಅದಕ್ಕೆ. ಬೊಟ್ವಿನಿಕ್‌ರ ಟಿಪ್ಪಣಿಗಳನ್ನು ಅಲ್ಲಲ್ಲಿ ಅವರ ಮಾತಿನಲ್ಲೇ ಕೊಟ್ಟು, ಕೆಳಗೆ ತನ್ನ ಖಂಡನೆಯನ್ನು ಬರೆಯುತ್ತ ಹೋದ. ನ್ಯಾಯಾಲಯದ ವಾದ ಪ್ರತಿವಾದದಂತೆ ಓದಿಸಿಕೊಳ್ಳುವ ಪುಟಗಳು ಅವು. ರಾಜ ಡಿ4ಕ್ಕೆ ಬಂದಿದ್ದರೆ ಕಪ್ಪು ಗೆಲ್ಲುತ್ತಿತ್ತು ಎಂದು ನಡೆನಡೆಯಾಗಿ ತೋರಿಸಿದ. ಮೂರು ವರ್ಷಗಳ ನಂತರ ಆತನೇ ವಿಶ್ವ ಚಾಂಪಿಯನ್ ಆದ ಮೇಲೆ, ಆ ಲೆಕ್ಕವನ್ನು ಪ್ರಶ್ನಿಸಲು ಧೈರ್ಯ ಬೇಕಿತ್ತು.

ಬೊಟ್ವಿನಿಕ್ ಅಷ್ಟರಲ್ಲಿ ಆಟದಿಂದ ನಿವೃತ್ತರಾಗಿ ಮಕ್ಕಳಿಗೆ ಚೆಸ್ ಶಾಲೆ ನಡೆಸುತ್ತಿದ್ದರು. ಅವರು ಈ ಸೋಲನ್ನು, ಅಂದರೆ ಹಲಗೆಯ ಮೇಲಲ್ಲದೆ ಪುಸ್ತಕದಲ್ಲಿ ಆದ ಸೋಲನ್ನು, ಮರೆತಿರಲಿಲ್ಲ. ಶಾಲೆಯ ಮಕ್ಕಳಿಗೆ ಮನೆಪಾಠವಾಗಿ ಇದೇ ಆನೆಯಾಟವನ್ನು ಕೊಟ್ಟರು: ಫಿಷರ್ ತೋರಿಸಿದ ಗೆಲುವಿನ ದಾರಿಯಲ್ಲಿ ತೂತು ಇದೆಯೇ ನೋಡಿ. ಬಾಕುವಿನಿಂದ ಬಂದಿದ್ದ 13 ವರ್ಷದ ಹುಡುಗನೊಬ್ಬ ತೂತು ಕಂಡುಹಿಡಿದ. ಫಿಷರ್ ಗೆಲುವೆಂದು ಬರೆದ ಸರಣಿಯ ನಡುವೆಯೇ ಬಿಳಿಗೆ ಡ್ರಾ ಇತ್ತು! ಆ ಹುಡುಗ ಗ್ಯಾರಿ ಕಾಸ್ಪರೋವ್. ಆತ ಹುಟ್ಟಿದ್ದು 1963ರ ಏಪ್ರಿಲ್‌ನಲ್ಲಿ, ವಾರ್ನಾದ ಆಟ ಮುಗಿದು ಅರ್ಧ ವರ್ಷ ಕಳೆದ ಮೇಲೆ. ತಾನು ಹುಟ್ಟುವ ಮುಂಚಿನ ಜಗಳವೊಂದರಲ್ಲಿ ಗುರುವಿನ ಪರ ಸಾಕ್ಷಿ ಹೇಳಿದ ಹಾಗಾಯಿತು.

ಇಲ್ಲಿಯೂ ಒಂದು ವಿಚಿತ್ರವಿದೆ. ಬೊಟ್ವಿನಿಕ್ ಎರಡು ಸಲ ಬಚಾವಾದದ್ದೂ ಪರರ ಕಣ್ಣಿನಿಂದ. ಮೊದಲು ಗೆಲ್ಲರ್, ಆಮೇಲೆ ಕಾಸ್ಪರೋವ್. ಫಿಷರ್ ಎರಡು ಸಲವೂ ಒಂಟಿ. 17ನೇ ನಡೆಯಲ್ಲಿ ವಿಶ್ವ ಚಾಂಪಿಯನ್‌ನ ವರ್ಷಗಟ್ಟಲೆಯ ಸಿದ್ಧತೆಯನ್ನು ಒಡೆದದ್ದು ಆ ಒಂಟಿತನವೇ. 51ನೇ ನಡೆಯಲ್ಲಿ ಅವಸರಪಟ್ಟದ್ದೂ ಅದೇ.

ಇಂದಿನ ಆಟದಲ್ಲಿ ಇಂಥ ರಾತ್ರಿಗಳಿಲ್ಲ. 1990ರ ದಶಕದಲ್ಲಿ ಕಂಪ್ಯೂಟರುಗಳು ಬಲಿತ ಮೇಲೆ ಮುಂದೂಡಿದ ಆಟಕ್ಕೆ ಅರ್ಥವೇ ಉಳಿಯದೆ ಆ ಪದ್ಧತಿ ಕಣ್ಮರೆಯಾಯಿತು. ಹೋಟೆಲ್ ಕೋಣೆಯಲ್ಲಿ ಗೆಲ್ಲರ್ ಮಾಡಿದ ಕೆಲಸವನ್ನು ಯಂತ್ರ ನಿಮಿಷಗಳಲ್ಲಿ ಮಾಡುತ್ತದೆ ಎಂದಾದರೆ ಲಕೋಟೆ ಏಕೆ, ಅಂಟು ಏಕೆ? 2012ರಲ್ಲಿ ಮಾಸ್ಕೋದ ಲೊಮೊನೊಸೊವ್ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಲ್ಲಿ, ರಾಜರೂ ಸೇರಿ ಏಳು ಕಾಯಿಗಳು ಉಳಿದ ಸ್ಥಿತಿಗಳ ಗೆಲುವು, ಸೋಲು, ಡ್ರಾಗಳ ಕೋಷ್ಟಕವನ್ನೇ ಸಿದ್ಧಪಡಿಸಲಾಯಿತು. ಅಲ್ಲಿ ವಾದಕ್ಕೆ ಎಡೆಯಿಲ್ಲ. ವಾರ್ನಾದಲ್ಲಿ ಲಕೋಟೆ ಅಂಟಿಸಿದಾಗ ಹಲಗೆಯ ಮೇಲಿದ್ದದ್ದು 11 ಕಾಯಿ.

ಬೊಟ್ವಿನಿಕ್, ಫಿಷರ್ ಮತ್ತೆ ಎದುರಾದರೇ ಎಂದು ಕೇಳುವವರಿಗೆ ಉತ್ತರ ಹೇಳಲೇಬೇಕು. ಆಗುವಂತಿತ್ತು. 1970ರಲ್ಲಿ ನೆದರ್ಲೆಂಡಿನ ಲೈಡನ್ ಊರಿನಲ್ಲಿ ಇಬ್ಬರ ನಡುವೆ 18 ಆಟಗಳ ಪಂದ್ಯಕ್ಕೆ ಮಾತುಕತೆ ನಡೆದಿತ್ತು. ಫಿಷರ್ ಷರತ್ತು ಹಾಕಿದ: ಮೊದಲು ಆರು ಆಟ ಗೆದ್ದವನು ಪಂದ್ಯ ಗೆದ್ದಂತೆ, ಡ್ರಾಗಳಿಗೆ ಲೆಕ್ಕವಿಲ್ಲ, ಎಷ್ಟು ದಿನವಾದರೂ ಸರಿ. ಸಂಘಟಕರ ಹಣದ ಚೀಲಕ್ಕೆ ತಳವಿತ್ತು, ಒಪ್ಪಲಾಗಲಿಲ್ಲ. 1975ರಲ್ಲಿ ಆತ ವಿಶ್ವ ಪಟ್ಟವನ್ನೇ ಆಡದೆ ಕಳೆದುಕೊಂಡದ್ದೂ ಇಂಥದೇ ಹಟದಿಂದ. ಡ್ರಾಗೆ ಬೆಲೆಯಿಲ್ಲದಿದ್ದರೆ ಆಟಗಾರರು ಡ್ರಾ ಮಾಡಿಕೊಳ್ಳುವುದಿಲ್ಲ ಎಂಬುದು ಫಿಷರ್‌ನ ನಂಬಿಕೆ. ಆತ ಇಲ್ಲದೆ, ಆತನ ಆರು ಗೆಲುವಿನ ನಿಯಮದಲ್ಲೇ 1984ರಲ್ಲಿ ಕಾರ್ಪೋವ್ ಮತ್ತು ಕಾಸ್ಪರೋವ್ ಮಾಸ್ಕೋದಲ್ಲಿ ಕೂತರು. 1985ರ ಫೆಬ್ರುವರಿಯಲ್ಲಿ ಪಂದ್ಯವನ್ನು ಫಲಿತಾಂಶವಿಲ್ಲದೆ ನಿಲ್ಲಿಸುವ ಹೊತ್ತಿಗೆ 48 ಆಟಗಳಾಗಿದ್ದವು. ಅವುಗಳಲ್ಲಿ 40 ಡ್ರಾ.

ಲೈಡನ್‌ನ ಮಾತು ಮುರಿದ ಅದೇ 1970ರಲ್ಲಿ, ಬೆಲ್‌ಗ್ರೇಡ್‌ನಲ್ಲಿ ಸೋವಿಯತ್ ತಂಡಕ್ಕೂ ಉಳಿದ ಜಗತ್ತಿನ ತಂಡಕ್ಕೂ ಹತ್ತು ಹಲಗೆಗಳ ಪಂದ್ಯ ನಡೆಯಿತು. ಇಬ್ಬರೂ ಬಂದಿದ್ದರು. ಫಿಷರ್ ಎರಡನೆಯ ಹಲಗೆಯಲ್ಲಿ ಪೆಟ್ರೋಸಿಯನ್ ಎದುರು ಕೂತ. ಬೊಟ್ವಿನಿಕ್ ಎಂಟನೆಯ ಹಲಗೆಯಲ್ಲಿ ಯುಗೊಸ್ಲಾವಿಯದ ಮಟುಲೊವಿಚ್ ಎದುರು ಕೂತರು. ನಡುವೆ ಐದು ಹಲಗೆಗಳಿದ್ದವು.